ಗಾಡಿ ನಮ್ಮದು, ಕೆಲಸ ಧಣಿಯದು, ಪೆಟ್ರೋಲ್ ಯಾರದು?



ಸೋಲಾಪುರದ ಗಿರಣಿಗಳಲ್ಲಿಯೂ ಮುಂಬಯಿಯ ಗಿರಣಿಗಳಲ್ಲಿಯೂ ದುಡಿದು ಬಂದ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ: "ಅಜ್ಜ, ನೀವು ಮಗ್ಗ ನಡೆಸುವಾಗ ಅದಕ್ಕೆ ಹಾಕುವ ಎಣ್ಣೆಯನ್ನು ನಿಮ್ಮ ಮನೆಯಿಂದ ತರುತ್ತಿದ್ದಿರೋ? ಲಾಳಿಯನ್ನು ನಿಮ್ಮ ಸಂಬಳದಲ್ಲಿ ಕೊಂಡುಕೊಳ್ಳುತ್ತಿದ್ದಿರೋ?" ಅವರು ನಿಮ್ಮ ಮುಖವನ್ನು ನೋಡಿ ನಕ್ಕಾರು. 1982ರ ಜನವರಿ 18ರಂದು ಶುರುವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಕೆಲಸವನ್ನೂ ಖೋಲಿಯನ್ನೂ ಕಳೆದುಕೊಂಡು ಊರಿಗೆ ಹೋದವರು ಸಹ ಮಾಲಿಕರ ಮೇಲೆ ನೂರು ದೂರು ಹೇಳಿದರು. ಮಗ್ಗದ ಎಣ್ಣೆ ನಮ್ಮಿಂದ ಹಾಕಿಸಿದರು ಎಂಬ ದೂರನ್ನು ಮಾತ್ರ ಯಾರೂ ಹೇಳಲಿಲ್ಲ. ಹಾಗೆ ಕೇಳುವ ಧೈರ್ಯ ಆ ಮಾಲಿಕರಿಗೂ ಇರಲಿಲ್ಲ.

ಈಗ ವಾಕಡಕ್ಕೆ ಬನ್ನಿ. ಬೆಳಗಿನ ಆರು ಗಂಟೆಗೆ ದತ್ತ ಮಂದಿರ ರಸ್ತೆಯಲ್ಲಿ ನಿಂತು ನೋಡಿ. ನಮ್ಮ ಕುಂದಾಪುರದ, ಬೈಂದೂರಿನ, ಕಾರ್ಕಳದ, ವಿಜಾಪುರದ ಹುಡುಗರು ಸ್ವಂತ ಗಾಡಿಗಳಲ್ಲಿ ಹೊರಟಿರುತ್ತಾರೆ. ಒಬ್ಬನ ಮುಂದೆ ದೋಸೆ ಹಿಟ್ಟಿನ ಡಬ್ಬ. ಇನ್ನೊಬ್ಬನ ಹಿಂದೆ ಇಡ್ಲಿಯ ಪಾತ್ರೆ, ಹಗ್ಗದಲ್ಲಿ ಬಿಗಿದದ್ದು. ಮತ್ತೊಬ್ಬನು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಬಾಳೆಎಲೆಯ ಕಟ್ಟು ಹೊತ್ತು ಬರುತ್ತಾನೆ. ಹೋಗಿ ಬರಲು ನಲವತ್ತು ಕಿಲೋಮೀಟರಿನಷ್ಟು ದಾರಿ. ಹನ್ನೊಂದು ಗಂಟೆಯ ಮೇಲೆ ಹಿಂಜವಡಿಯ ಕಂಪೆನಿಗಳಿಗೆ ಊಟದ ಪೊಟ್ಟಣ. ಸಂಜೆ ಕಸ್ಪಟೆ ವಸ್ತಿಯ ಫ್ಲಾಟುಗಳಿಗೆ ಪಾರ್ಸೆಲ್ಲು. ಗಾಡಿಯ ಸಾಲದ ಕಂತು ಹುಡುಗನದು, ವಿಮೆ ಹುಡುಗನದು, ಟಯರು ಹುಡುಗನದು, ಪೆಟ್ರೋಲೂ ಹುಡುಗನದು. ಹೋಟೆಲಿನ ಹೆಸರು ಬರೆದ ಚೀಲವೊಂದು ಮಾತ್ರ ಧಣಿಗಳದು. ಅದನ್ನೂ ಕೆಲಸ ಬಿಡುವಾಗ ವಾಪಸು ಕೊಡತಕ್ಕದ್ದು!

ಭಟ್ಟರು ಅಡುಗೆಮನೆಗೆ ಬರುವಾಗ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತರುವುದಿಲ್ಲ. ಹಾಗಿದ್ದ ಮೇಲೆ ಪಾರ್ಸೆಲ್ ಹುಡುಗನೊಬ್ಬನೇ ತನ್ನ ಒಲೆಗೆ ತಾನೇ ಸೌದೆ ತರಬೇಕೆಂಬ ನಿಯಮವನ್ನು ಯಾರು ಮಾಡಿದರು?

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಹೋಟೆಲ್ ಸೇರಿದವನು. ಕ್ಲೀನರ್ ಆಗಿ, ಸಪ್ಲೈಯರ್ ಆಗಿ, ಕಡೆಗೆ ಗಾಡಿ ಕೊಂಡ ಮೇಲೆ "ಹೊರಗಿನ ಕೆಲಸದವ" ಆದೆ. ಅದನ್ನು ಬಡ್ತಿ ಎಂದು ತಿಳಿದು ಸಂತೋಷಪಟ್ಟಿದ್ದೆ. 2023ರಲ್ಲಿ ಒಂದು ತಿಂಗಳು, ಯಾರ ಮಾತಿನಿಂದಲೋ ಛಲ ಬಂದು, ಹೋಟೆಲಿನ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದೆ. ಧಣಿಗಳ ಕೆಲಸಕ್ಕೆ ಗಾಡಿ ಹತ್ತಿದಾಗ ಮೀಟರಿನಲ್ಲಿ ಎಷ್ಟು, ಇಳಿದಾಗ ಎಷ್ಟು, ಇಷ್ಟೇ. ಮನೆಯಿಂದ ಹೋಟೆಲಿಗೆ ಬಂದದ್ದನ್ನು ಬರೆಯಲಿಲ್ಲ. ಇಪ್ಪತ್ತಾರು ದಿನಕ್ಕೆ 1,014 ಕಿಲೋಮೀಟರ್ ಆಯಿತು. ನನ್ನ ಗಾಡಿ ಭಾರ ಹೊತ್ತು, ಭೂಮಕರ್ ಚೌಕದ ಗದ್ದಲದಲ್ಲಿ ನಿಂತು ನಿಂತು ಸಾಗಿ, ಲೀಟರಿಗೆ 45 ಕೊಟ್ಟರೆ ಹೆಚ್ಚು. ಲೀಟರಿಗೆ 106 ರೂಪಾಯಿಯಂತೆ ಪೆಟ್ರೋಲಿಗೇ 2,400ಕ್ಕೆ ಸ್ವಲ್ಪ ಕಡಮೆ. ಎಣ್ಣೆ ಬದಲಿಸುವುದು, ಬ್ರೇಕು, ಚೈನು, ಟಯರಿನ ಸವಕಳಿ ಇವುಗಳನ್ನು ತಿಂಗಳಿಗೆ ಹಂಚಿದರೆ ಇನ್ನೊಂದು 1,100. ಒಟ್ಟು 3,500 ರೂಪಾಯಿ.

ಆಗ ನನ್ನ ಸಂಬಳ 14,000.

ನಾಲ್ಕರಲ್ಲಿ ಒಂದು ಪಾಲನ್ನು ನಾನೇ ಧಣಿಗಳಿಗೆ ತಿರುಗಿ ಕೊಡುತ್ತಿದ್ದೆ! ಇದನ್ನು ನಾನೂ ಅರಿಯೆ, ನನ್ನ ಹೆಂಡತಿಯೂ ಅರಿಯಳು. ಸಂಬಳವಾದ ಹತ್ತನೆಯ ದಿನಕ್ಕೆ ಕೈ ಬರಿದಾಗುವುದು ಯಾಕೆಂದು ಇಬ್ಬರೂ ಜಗಳವಾಡುತ್ತಿದ್ದೆವು. ಅವಳು ನಾನು ಗುಟ್ಕಾ ತಿಂದು ಹಾಳು ಮಾಡುತ್ತೇನೆಂದು ಹೇಳುತ್ತಿದ್ದಳು. ನಾನು ಅವಳು ಊರಿಗೆ ಕಳಿಸುತ್ತಾಳೆಂದು ಹೇಳುತ್ತಿದ್ದೆ. ಇಬ್ಬರದೂ ಸುಳ್ಳು. ಹಣ ಹಿಂಜವಡಿಯ ರಸ್ತೆಯಲ್ಲಿ ಹೊಗೆಯಾಗಿ ಹೋಗುತ್ತಿತ್ತು. ಆ ತಿಂಗಳ 1,014 ಕಿಲೋಮೀಟರಿನಲ್ಲಿ ಧಣಿಗಳ ಮಕ್ಕಳನ್ನು ಶಾಲೆಗೆ ಬಿಟ್ಟದ್ದು 62 ಕಿಲೋಮೀಟರ್ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ. ಮಕ್ಕಳು ಒಳ್ಳೆಯವರು, ಅವರ ಮೇಲೆ ನನಗೇನೂ ಇಲ್ಲ.

ಈ ಚೀಟಿಯನ್ನು ಗಲ್ಲಾದ ಮುಂದೆ ಇಟ್ಟಾಗ ಸಿಕ್ಕ ಉತ್ತರಗಳನ್ನು ನಾನು ಆಮೇಲೆ ಬೇರೆ ಹೋಟೆಲುಗಳಲ್ಲಿಯೂ ಕೇಳಿದೆ. ಒಂದೇ ಪಾಠವನ್ನು ಎಲ್ಲರೂ ಕಂಠಪಾಠ ಮಾಡಿದಂತೆ ಇರುತ್ತದೆ. "ಊಟ ಕೊಡುವುದಿಲ್ಲವೇ? ರೂಮು ಕೊಡುವುದಿಲ್ಲವೇ?" ಕೊಡುತ್ತೀರಿ. ಅದನ್ನು ಸಂಬಳ ಮಾತಾಡುವ ದಿನವೇ ಲೆಕ್ಕಕ್ಕೆ ಹಿಡಿದು ಸಂಬಳ ಇಳಿಸಿದ್ದೀರಿ. ಒಂದೇ ಅನ್ನವನ್ನು ಎರಡು ಸಲ ಮಾರುವುದು ಯಾವ ವ್ಯಾಪಾರ? "ಗಾಡಿಯನ್ನು ನೀನು ಸ್ವಂತಕ್ಕೂ ಓಡಿಸುತ್ತೀಯಲ್ಲ?" ಓಡಿಸುತ್ತೇನೆ, ಆದ್ದರಿಂದಲೇ ಕಿಲೋಮೀಟರ್ ಬರೆದದ್ದು. ಸ್ವಂತದ್ದು ನನಗೆ, ನಿಮ್ಮದು ನಿಮಗೆ. "ಸಂಜೆ ಚಹಾಕ್ಕೆ ಐವತ್ತು ಕೊಡುತ್ತೇನಲ್ಲ?" ಕೊಟ್ಟ ದಿನ ಕೊಡುತ್ತೀರಿ, ವ್ಯಾಪಾರವಾದರೆ ಕೊಡುತ್ತೀರಿ, ಮನಸ್ಸು ಬಂದರೆ ಕೊಡುತ್ತೀರಿ. ಪೆಟ್ರೋಲ್ ಪಂಪಿನವನು ನನ್ನ ಮನಸ್ಸನ್ನು ನೋಡುವುದಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿದೆ. "ಏನೋ ಮಾರಾಯ, ನಮ್ಮೂರಿನ ಹುಡುಗ ಅಂತ ಕರೆದು ಕೆಲಸ ಕೊಟ್ಟರೆ, ನನ್ನ ಹತ್ತಿರವೇ ಕಿಲೋಮೀಟರ್ ಲೆಕ್ಕವಾ?" ಈ ಮಾತಿಗೆ ನಮ್ಮ ಬಾಯಿ ಕಟ್ಟುತ್ತದೆ. ಅಪ್ಪನಿಗೆ ಕಾಯಿಲೆಯಾದಾಗ ಮುಂಗಡ ಕೊಟ್ಟವರು ಅವರೇ. ಊರಿನ ಕೋಲಕ್ಕೆ, ಜಾತ್ರೆಗೆ ಒಂದೇ ಬಸ್ಸಿನಲ್ಲಿ ಹೋಗುವವರು. ಅವರಲ್ಲಿ ಅನೇಕರು ನಮ್ಮ ಹಾಗೆಯೇ ಮಾಣಿಯಾಗಿ ಟೇಬಲ್ ಒರೆಸಿ ಮೇಲೆ ಬಂದವರು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದೇ ಧಣಿಗಳು ಅಕ್ಕಿಯವನಿಗೆ, ಹಾಲಿನವನಿಗೆ, ತೆಂಗಿನಕಾಯಿ ತರುವ ಟೆಂಪೋದವನಿಗೆ ಬಾಡಿಗೆ ಕೊಡುವಾಗ ಊರು ಕೇಳುತ್ತಾರೆಯೇ? ಟೆಂಪೋದವನು ವಾಕಡದಿಂದ ಹಿಂಜವಡಿಗೆ ಹೋಗಿ ಬಂದರೆ ಅದು ಬಾಡಿಗೆ. ಅದೇ ದಾರಿಯಲ್ಲಿ ನಾನು ಹೋಗಿ ಬಂದರೆ ಅದು ವಿಶ್ವಾಸ! ಪರಕೀಯನಿಗೆ ಲೆಕ್ಕ, ಊರಿನವನಿಗೆ ನಷ್ಟ ಎಂದಾದರೆ ಊರಿನವನಾಗಿ ಹುಟ್ಟಿದ್ದೇ ತಪ್ಪಾಯಿತಲ್ಲ.

ಸಣ್ಣ ಹೋಟೆಲಿನವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಬಾಡಿಗೆ ಏರಿದೆ, ಆ್ಯಪ್ ಕಂಪೆನಿಗಳು ಪ್ರತಿ ಬಿಲ್ಲಿನಲ್ಲಿ ಕಮಿಷನ್ ಕತ್ತರಿಸುತ್ತವೆ. ಸ್ವಂತ ಹುಡುಗನಿಂದ ಪಾರ್ಸೆಲ್ ಕಳಿಸಿದರೆ ಆ ಕಮಿಷನ್ ಉಳಿಯುತ್ತದೆಂಬ ಲೆಕ್ಕ ಸರಿಯಾಗಿಯೇ ಇದೆ. ಆ ಉಳಿತಾಯದಲ್ಲಿಯೇ ಹುಡುಗನ ಪೆಟ್ರೋಲನ್ನು ಕೊಡಿ ಎಂದು ನಾವು ಕೇಳುತ್ತೇವೆ. ಉಳಿದದ್ದು ನಿಮಗಿರಲಿ.

ಕಾನೂನು ಏನು ಹೇಳುತ್ತದೆ? ಖಾಸಗಿ ಹೋಟೆಲಿನ ಮಾಲಿಕನು ಕಿಲೋಮೀಟರಿಗೆ ಇಷ್ಟು ರೂಪಾಯಿ ಕೊಡಲೇಬೇಕೆಂದು ದರ ಕಟ್ಟಿದ ಕಾನೂನು ನಮ್ಮಲ್ಲಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಮೋಸವಾದೀತು. ಆದರೆ ಈ ಖರ್ಚು ಸಂಬಳವಲ್ಲವೆಂಬುದನ್ನು ಕಾನೂನು ಬಹಳ ಹಿಂದೆಯೇ ಒಪ್ಪಿದೆ. 1936ರ ವೇತನ ಪಾವತಿ ಕಾಯಿದೆಯಲ್ಲಿಯೇ, ಕೆಲಸದ ಸ್ವರೂಪದಿಂದ ನೌಕರನ ಮೇಲೆ ಬೀಳುವ ವಿಶೇಷ ಖರ್ಚನ್ನು ತುಂಬಿಕೊಡಲು ಕೊಟ್ಟ ಹಣವು ಸಂಬಳದಲ್ಲಿ ಸೇರದು ಎಂದು ಬರೆದಿತ್ತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ 2019ರ ವೇತನ ಸಂಹಿತೆಯಲ್ಲಿಯೂ ಅದೇ ಮಾತು ಉಳಿದಿದೆ. ಸಂಬಳ ಬೇರೆ, ಖರ್ಚು ಬೇರೆ. ಸಂಬಳ ನನ್ನ ಬೆವರಿನದು; ಖರ್ಚು ನಿಮ್ಮ ಕೆಲಸದ್ದು.

ಸರಕಾರ ತನ್ನ ನೌಕರರಿಗೆ ಏನು ಮಾಡುತ್ತದೆಂದು ನೋಡಿ. ಏಳನೆಯ ವೇತನ ಆಯೋಗದ ನಂತರ 2017ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಆದೇಶದಲ್ಲಿ, ಬೇರೆ ದರ ನಿಗದಿಯಾಗಿರದ ಊರುಗಳಲ್ಲಿ ಸರಕಾರಿ ಕೆಲಸದ ಪ್ರಯಾಣಕ್ಕೆ ಸ್ವಂತ ಸ್ಕೂಟರಿಗೆ ಕಿಲೋಮೀಟರಿಗೆ 12 ರೂಪಾಯಿ, ಸ್ವಂತ ಕಾರಿಗೆ 24 ರೂಪಾಯಿ ಎಂದು ಇಟ್ಟಿತು. ತುಟ್ಟಿಭತ್ಯೆ ಏರಿದಂತೆ ಇದನ್ನೂ ಏರಿಸಬೇಕೆಂದು ಅದೇ ಆದೇಶದಲ್ಲಿದೆ. ಆದಾಯ ತೆರಿಗೆಯ 1962ರ ನಿಯಮಗಳು ಕಂಪೆನಿ ಅಧಿಕಾರಿಗಳ ಸ್ವಂತ ಗಾಡಿಯ ಕಚೇರಿ ಓಡಾಟಕ್ಕೆ ಪೂರ್ತಿ ವಿನಾಯಿತಿ ಬೇಕಾದರೆ ಒಂದು ಪುಸ್ತಕವಿಡಲು ಹೇಳಿದವು: ತಾರೀಖು, ಹೋದ ಜಾಗ, ಎಷ್ಟು ಮೈಲಿ, ಎಷ್ಟು ಖರ್ಚು. ನಾನು ಬಿಲ್ ಪುಸ್ತಕದ ಹಿಂದೆ ಬರೆದದ್ದೂ ಇವೇ ನಾಲ್ಕು ಸಂಗತಿ. ಸಾಹೇಬರು ಬರೆದರೆ ಅದು ದಾಖಲೆ, ಮಾಣಿ ಬರೆದರೆ ಕಿರಿಕಿರಿ. ನಮಗೆ ತೆರಿಗೆಯ ವಿನಾಯಿತಿ ಬೇಕಾಗಿಲ್ಲ, ತೆರಿಗೆ ಬೀಳುವಷ್ಟು ಸಂಬಳ ನಮಗೆಲ್ಲಿ? ನಮಗೆ ಬೇಕಾದದ್ದು ಕಿಸೆಯಿಂದ ಹೋದ ಹಣ.

ಹೊರದೇಶದಲ್ಲಿಯೂ ಈ ಜಗಳ ನಡೆದೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಬೇಕಾದ ಖರ್ಚನ್ನೆಲ್ಲ ಮಾಲಿಕನೇ ನೌಕರನಿಗೆ ತುಂಬಿಕೊಡಬೇಕೆಂಬ ಕಾನೂನಿದೆ. ಅದೇ ರಾಜ್ಯದಲ್ಲಿ 2020ರಲ್ಲಿ ಆ್ಯಪ್ ಕಂಪೆನಿಗಳು ತಮ್ಮ ಚಾಲಕರನ್ನು ನೌಕರರ ಸಾಲಿನಿಂದ ಹೊರಗಿಡುವ ಪ್ರಸ್ತಾಪವನ್ನು ಜನರ ಮತಕ್ಕೆ ಹಾಕಿಸಿ ಗೆದ್ದವು. ಮೈಲಿಗೆ 30 ಸೆಂಟ್ ಕೊಡುತ್ತೇವೆಂದವು, ಆದರೆ ಗಿರಾಕಿಯ ಕೆಲಸ ಹಿಡಿದಿರುವ ಮೈಲಿಗೆ ಮಾತ್ರ. ಪೊಟ್ಟಣ ಕೊಟ್ಟು ಬರಿಗೈಯಲ್ಲಿ ವಾಪಸು ಬರುವ ದಾರಿಗೆ ಸೊನ್ನೆ. ಇದನ್ನು ನೆನಪಿಡಿ. ನಾಳೆ ನಮ್ಮ ಧಣಿಗಳೂ "ಹೋಗುವ ದಾರಿಗೆ ಕೊಡುತ್ತೇನೆ" ಎಂದಾರು. ಹೋದವನು ಹಿಂಜವಡಿಯಲ್ಲಿಯೇ ಉಳಿಯಬೇಕೇ?

ಇನ್ನೊಂದು ಯುಕ್ತಿಯ ಬಗ್ಗೆಯೂ ಎಚ್ಚರವಿರಲಿ. ನಿಮ್ಮ 15,000 ಸಂಬಳದೊಳಗಿಂದಲೇ ಎರಡು ಸಾವಿರ ಕತ್ತರಿಸಿ, ಅದಕ್ಕೆ "ಪೆಟ್ರೋಲ್ ಭತ್ಯೆ" ಎಂದು ಹೆಸರಿಟ್ಟು, ಅದೇ 15,000ವನ್ನು ಕೈಗೆ ಕೊಡುವುದು. ಕೈಗೆ ಬಂದದ್ದು ಅಷ್ಟೇ, ಪ್ರಾವಿಡೆಂಟ್ ಫಂಡ್ ಲೆಕ್ಕಕ್ಕೆ ಸಂಬಳ ಮಾತ್ರ ಇಳಿಯಿತು! ಹೊಸ ಸಂಹಿತೆ ಇಂಥ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ್ದನ್ನು ಸಂಬಳಕ್ಕೇ ಸೇರಿಸುತ್ತದೆ, ನಿಜ. ಅರ್ಧದೊಳಗೆ ನಡೆಯುವ ಕತ್ತರಿಯನ್ನು ನಾವೇ ಹಿಡಿಯಬೇಕು. ದಾರಿ ಖರ್ಚು ಸಂಬಳದ ಮೇಲೆ ಬರತಕ್ಕದ್ದು, ಒಳಗಿನಿಂದಲ್ಲ.

ಹಣಕ್ಕಿಂತ ದೊಡ್ಡ ಮಾತು ಈಗ ಹೇಳುತ್ತೇನೆ. ಎರಡು ಮಳೆಗಾಲದ ಹಿಂದೆ ನಮ್ಮ ಒಬ್ಬ ಹುಡುಗ ರಾತ್ರಿ ಹತ್ತು ಗಂಟೆಗೆ ಪಾರ್ಸೆಲ್ ಕೊಟ್ಟು ವಾಪಸು ಬರುವಾಗ ಹೈವೇಯ ಸರ್ವಿಸ್ ರಸ್ತೆಯಲ್ಲಿ ಹೊಂಡಕ್ಕೆ ಬಿದ್ದ. ತೊಡೆಯ ಮೂಳೆ ಮುರಿಯಿತು. ನಾವು ನಾಲ್ಕು ಜನ ಹೋಗಿ ಅವನ ಹೋಟೆಲಿನ ಮಾಲಿಕರನ್ನು ಕಂಡಾಗ, "ಅವನು ಸ್ವಂತ ಕೆಲಸಕ್ಕೆ ಹೋಗಿದ್ದ, ಗಾಡಿಯೂ ಅವನದೇ" ಎಂದುಬಿಟ್ಟರು. ಆರ್ಡರು ಫೋನಿನಲ್ಲಿ ಬಂದದ್ದು, ಬಿಲ್ಲು ಹರಿದು ಹೋಗಿತ್ತು. ಹುಡುಗನ ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಏಳು ತಿಂಗಳು ಊರಿನಲ್ಲಿ ಅಕ್ಕನ ಮನೆಯಲ್ಲಿ ಮಲಗಿದ್ದ. ಗಾಡಿಯನ್ನು ಸಾಲದವರು ಎಳೆದುಕೊಂಡು ಹೋದರು. ಅವನ ಹತ್ತಿರ ಕ್ಯಾಪ್ಟನ್ ಸಹಿ ಮಾಡಿದ ಒಂದು ದಾರಿ ಪುಸ್ತಕವಿದ್ದಿದ್ದರೆ ಅದೇ ಸಾಕ್ಷಿಯಾಗುತ್ತಿತ್ತು: ಇಷ್ಟು ಗಂಟೆಗೆ, ಇಂಥ ಜಾಗಕ್ಕೆ, ಹೋಟೆಲಿನ ಕೆಲಸಕ್ಕೆ ಹೊರಟ ಎಂದು.

ಸುಪ್ರೀಂ ಕೋರ್ಟಿನ ಮುಂದೆ ನಮ್ಮ ಈ ಮಹಾರಾಷ್ಟ್ರದ್ದೇ ಒಂದು ಮೊಕದ್ದಮೆ ಇತ್ತು. ಉಸ್ಮಾನಾಬಾದ್ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಬೆಳಗಿನ ಜಾವದ ಪಾಳಿಗೆ ಮೋಟರ್ ಸೈಕಲಿನಲ್ಲಿ ಹೋಗುವಾಗ, ಕಾರ್ಖಾನೆ ಇನ್ನು ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಸತ್ತ. ದಾರಿಯಲ್ಲಿ ಸತ್ತದ್ದು ಕೆಲಸದಲ್ಲಿ ಸತ್ತದ್ದಲ್ಲ ಎಂದು ಹೈಕೋರ್ಟು ಪರಿಹಾರವನ್ನು ರದ್ದು ಮಾಡಿತ್ತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಹೊತ್ತು, ಜಾಗ, ಸಂದರ್ಭ ಇವುಗಳಿಗೂ ಕೆಲಸಕ್ಕೂ ಸಂಬಂಧ ತೋರಿದರೆ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವೂ 1923ರ ಪರಿಹಾರ ಕಾಯಿದೆಯೊಳಗೆ ಬರುತ್ತದೆಂದು ತೀರ್ಪು ಕೊಟ್ಟಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ಮಾತು ಸೇರಿದೆ. ಆ ಮನೆಯವರಿಗೆ ನ್ಯಾಯ ಸಿಗಲು ಇಪ್ಪತ್ತೆರಡು ವರ್ಷವಾಯಿತು. ಇದನ್ನು ಗಮನಿಸಿ: ಮನೆಯಿಂದ ಹೋಟೆಲಿಗೆ ಬರುವ ದಾರಿ ಪೆಟ್ರೋಲಿನ ಲೆಕ್ಕಕ್ಕೆ ನಮ್ಮದು, ಅಪಘಾತದ ಲೆಕ್ಕಕ್ಕೆ ಕೆಲಸದ್ದು. ಎರಡನ್ನೂ ಬೆರೆಸಬೇಡಿ. "ಸಂಬಂಧ ತೋರಿದರೆ" ಎಂಬ ಮಾತಿಗೆ ಬೇಕಾದದ್ದೇ ಆ ಪುಸ್ತಕ.

ಇಷ್ಟನ್ನು ಮಾಲಿಕರಿಗೆ ಹೇಳಿದೆ. ಇನ್ನು ನಮ್ಮ ಮನೆಯ ಮಾತು. ಪದಾಧಿಕಾರಿಗಳು ಕೋಪಿಸಿಕೊಂಡರೂ ಚಿಂತೆಯಿಲ್ಲ.

ಸಂಘದ ಕೆಲಸಕ್ಕೆ ಓಡಾಡುವವರ ಪೆಟ್ರೋಲನ್ನು ನಾವು ಕೊಡುತ್ತೇವೆಯೇ? 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳೆಲ್ಲ ಮುಚ್ಚಿ ನಮ್ಮವರು ರೂಮುಗಳಲ್ಲಿ ಸಿಕ್ಕಿಬಿದ್ದಾಗ ಅಕ್ಕಿ ಬೇಳೆ ಹಂಚಿದವರು ಯಾರು? ಸೇವಾ ಸಿಂಧು ಪಾಸು ಮಾಡಿಸಿ, ವೈದ್ಯರ ಸರ್ಟಿಫಿಕೇಟು ಕೊಡಿಸಿ, ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ನಾಕಾದವರೆಗೆ ಜನರನ್ನು ಮುಟ್ಟಿಸಿ ಬಂದವರು ಯಾರು? ಹೋಗಿ ಬರಲು ಐದುನೂರು ಕಿಲೋಮೀಟರಿನಷ್ಟು ದಾರಿ! ಅವರಿಗೆ ಶಾಲು ಹೊದಿಸಿದೆವು. ಪೆಟ್ರೋಲ್ ಚೀಟಿ ಕೇಳಿದೆವೇ? ಇಲ್ಲ. ಈಗಲೂ ನಡುರಾತ್ರಿ ರೋಗಿಯನ್ನು ಪಿಂಪ್ರಿಯ ಯಶವಂತರಾವ್ ಚವಾಣ್ ಆಸ್ಪತ್ರೆಗೆ ಒಯ್ಯುವವನು, ರಕ್ತ ಕೊಡುವವನನ್ನು ಕರೆತರುವವನು, ಹೆಣವನ್ನು ಊರಿಗೆ ಕಳಿಸಲು ಓಡಾಡುವವನು ಸ್ವಂತ ಕಿಸೆಯಿಂದಲೇ ಪೆಟ್ರೋಲ್ ಹಾಕಿಸುತ್ತಾನೆ.

ಒಂದು ವರ್ಷ ರಾಜ್ಯೋತ್ಸವದ ಮುಂಚೆ ಒಬ್ಬ ಕ್ಲೀನರ್ ಹುಡುಗ ಭೋಸರಿಯಿಂದ ವಾಕಡದವರೆಗೆ ಹದಿನೈದು ದಿನ ಕರಪತ್ರ ಹಂಚಿದ, ವಂತಿಗೆ ತಂದುಕೊಟ್ಟ. ಕಡೆಗೆ ಸಭೆಯಲ್ಲಿ ಹೆದರುತ್ತ ಆರುನೂರು ರೂಪಾಯಿ ಪೆಟ್ರೋಲಾಗಿದೆ ಎಂದ. "ಕನ್ನಡಮ್ಮನ ಸೇವೆಗೂ ಬಿಲ್ಲು ಹಾಕುತ್ತೀಯೇನೋ?" ಎಂದು ಒಬ್ಬರು ಹೇಳಿದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹುಡುಗ ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. "ನಮ್ಮೂರಿನ ಹುಡುಗ, ಲೆಕ್ಕವಾ?" ಎಂದ ಧಣಿಗಳ ಮಾತಿಗೂ ನಮ್ಮ ನಗುವಿಗೂ ಏನು ವ್ಯತ್ಯಾಸ?

ಇದರಿಂದ ಆಗುವ ಕೇಡು ಆರುನೂರು ರೂಪಾಯಿಯಲ್ಲಿ ನಿಲ್ಲುವುದಿಲ್ಲ. ಪೆಟ್ರೋಲ್ ಖರ್ಚನ್ನು ತಾಳುವ ಶಕ್ತಿಯಿದ್ದವನು ಮಾತ್ರ ಸೇವೆ ಮಾಡಬಲ್ಲ ಎಂದಾಗುತ್ತದೆ. ಸೇವೆ ಮಾಡಿದವನ ಮುಖ ಎಲ್ಲರಿಗೂ ಪರಿಚಯ. ಮುಂದಿನ ವರ್ಷ ಕಾರ್ಯಕಾರಿಣಿಗೆ ಅವನೇ ಆರಿಸಿ ಬರುತ್ತಾನೆ. ಹೀಗೆ ಕಾರ್ಮಿಕರ ಸಂಘದಲ್ಲಿ ಕಾರು ಇದ್ದವರು ವೇದಿಕೆಯ ಮೇಲೆ, ಕ್ಲೀನರುಗಳು ಕುರ್ಚಿ ಹಾಕುವ ಕೆಲಸಕ್ಕೆ. ಯಾರೂ ಪಿತೂರಿ ಮಾಡಬೇಕಾಗಿಲ್ಲ, ಪೆಟ್ರೋಲೇ ಆ ಕೆಲಸ ಮಾಡುತ್ತದೆ.

ಇಂಗ್ಲೆಂಡಿನಲ್ಲಿ ಸಂಸ್ಥೆಗಳು ತಮ್ಮ ಸ್ವಯಂಸೇವಕರಿಗೆ ಮೋಟರ್ ಸೈಕಲಿಗೆ ಮೈಲಿಗೆ 24 ಪೆನ್ನಿಯವರೆಗೆ, ಸೈಕಲಿಗೆ 20 ಪೆನ್ನಿಯವರೆಗೆ ಕೊಟ್ಟರೆ ಅದನ್ನು ಆದಾಯವೆಂದು ಎಣಿಸದ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಅಮೆರಿಕದಲ್ಲಿ ನೋಂದಾಯಿತ ಧರ್ಮಸಂಸ್ಥೆಯ ಕೆಲಸಕ್ಕೆ ಕಾರು ಓಡಿಸಿದವನು ಮೈಲಿಗೆ 14 ಸೆಂಟನ್ನು ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. 1998ರಲ್ಲಿ ಕಟ್ಟಿದ ದರವದು. 2025ರಲ್ಲಿ ವ್ಯಾಪಾರದ ಓಡಾಟಕ್ಕೆ 70 ಸೆಂಟ್ ಆಗಿತ್ತು, ಸೇವೆಯ ಓಡಾಟಕ್ಕೆ ಮಾತ್ರ ಅದೇ 14! ಸೇವೆಯ ಪೆಟ್ರೋಲು ಅಗ್ಗವೆಂದು ತಿಳಿಯುವ ಚಾಳಿ ನಮ್ಮೊಬ್ಬರದೇ ಅಲ್ಲ, ಆದರೂ ಅವರು ಲೆಕ್ಕವನ್ನಾದರೂ ಇಟ್ಟರು.

ಮಹಾಸಭೆಯಲ್ಲಿ ನಾನು ತರುವ ಠರಾವು ಇದು. ಸಂಘದ ಕೆಲಸಕ್ಕೆ ಓಡಿದ ಸ್ವಂತ ಗಾಡಿಗೆ ಕಿಲೋಮೀಟರಿಗೆ 5 ರೂಪಾಯಿ, ಹೋಗುವುದಕ್ಕೂ ಬರುವುದಕ್ಕೂ. ನನಗೆ ಬೇಡ ಎನ್ನುವ ಉಳ್ಳವರು ಚೀಟಿಯನ್ನು ಕೊಡಲೇಬೇಕು, ಆಮೇಲೆ ಅಷ್ಟು ಹಣವನ್ನು ದೇಣಿಗೆಯೆಂದು ಬರೆಸಿ ರಸೀದಿ ಪಡೆಯಲಿ. ಆಗ ಸಂಘದ ಕೆಲಸಕ್ಕೆ ನಿಜವಾಗಿ ತಗಲುವ ಖರ್ಚೆಷ್ಟು ಎಂಬುದು ಎಲ್ಲರಿಗೂ ತಿಳಿದೀತು. ಅದೇ 5 ರೂಪಾಯಿಯನ್ನು ವಾಕಡದ ಹೋಟೆಲ್ ಮಾಲಿಕರ ಮುಂದೆಯೂ ಇಡುತ್ತೇವೆ. ಕೇಂದ್ರ ಸರಕಾರ 2017ರಲ್ಲಿ ಕೊಟ್ಟ 12ರ ಅರ್ಧವೂ ಇದಲ್ಲ. ನಾವೇ ಕೊಡದೆ ಅವರನ್ನು ಕೇಳಲು ಹೋದರೆ, ಗಲ್ಲಾದಲ್ಲಿ ಕುಳಿತವರು ನಗುವುದು ನ್ಯಾಯವೇ ಆದೀತು.

ಆ ಹುಡುಗನ ಆರುನೂರು ರೂಪಾಯಿಯನ್ನು ಮೊದಲು ಕೊಡಬೇಕೆಂದೂ ಠರಾವಿನಲ್ಲಿ ಸೇರಿಸಿದ್ದೇನೆ. ಅವನೀಗ ತಾಥವಡೆಯ ಒಂದು ಕ್ಯಾಂಟೀನಿನಲ್ಲಿದ್ದಾನೆ.

ದಾರಿ ಪುಸ್ತಕಗಳನ್ನು ಅಚ್ಚು ಹಾಕಿಸಿ ಸಂಘದ ಕಚೇರಿಯಲ್ಲಿ ಇಟ್ಟಿದೆ, ಬೆಲೆ ಇಲ್ಲ. ಹೊರಡುವಾಗಿನ ಮೀಟರು, ಬಂದಾಗಿನ ಮೀಟರು, ಎಲ್ಲಿಗೆ, ಬಿಲ್ ನಂಬರು, ಕ್ಯಾಪ್ಟನ್ ಅಥವಾ ಗಲ್ಲಾದವರ ಸಹಿ. ಸಹಿ ಹಾಕಲು ಅವರು ಒಪ್ಪದಿದ್ದರೆ "ಒಪ್ಪಲಿಲ್ಲ" ಎಂದು ಬರೆದು, ಮೀಟರಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ. ಮನೆಯಿಂದ ಬಂದದ್ದನ್ನು, ಸಿನೆಮಾಕ್ಕೆ ಹೋದದ್ದನ್ನು ಬರೆಯಕೂಡದು. ಸುಳ್ಳಿನ ಒಂದು ಕಿಲೋಮೀಟರ್ ಸಿಕ್ಕಿಬಿದ್ದರೆ ನಿಜವಾದ ಸಾವಿರವನ್ನೂ ಅವರು ತಳ್ಳಿಹಾಕುತ್ತಾರೆ. ಬರೆಯಲು ಬಾರದವರು ರಾತ್ರಿ ಹನ್ನೊಂದರ ಮೇಲೆ ಕಚೇರಿಗೆ ಬಂದರೆ ನಾನೇ ಬರೆದುಕೊಡುತ್ತೇನೆ. ಒಂದು ಪೂರ್ತಿ ತಿಂಗಳು ತುಂಬಿದ ಪುಸ್ತಕಗಳನ್ನು ಮಹಾಸಭೆಗೆ ತನ್ನಿ.

— ಒಬ್ಬ ಹೋಟೆಲ್ ಕಾರ್ಮಿಕ, ವಾಕಡ